ಅಲಿಯಾಳ ತೊಟ್ಟಿಲ ಬಳಿ ಸೊನ್ನೆ ಮಾಡಿದ ಯಂತ್ರ

ನನ್ನ ಹೆಸರು ನಾಜಿಶ್, ಗಂಡ ವಕಾರ್, ವಯಸ್ಸು 26 ವರ್ಷ, ಓದಿದ್ದು ಬಿ.ಎಸ್ಸಿ. ರಸಾಯನಶಾಸ್ತ್ರ, ಈಗ ಗೃಹಿಣಿ. ವಾಸ: ಬೆನ್ಸನ್ ಟೌನ್, ಅಹ್ಮದ್ ಪಾಷಾರವರ ಕಟ್ಟಡದ ಎರಡನೇ ಮಹಡಿ, ಬಾಡಿಗೆಗೆ. ಸದರಿಯವರು ನನ್ನ ಮೇಲೆ ಕೊಟ್ಟಿರುವ ಕಳವಿನ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮೊದಲನೇ ಮಹಡಿಯಲ್ಲಿ ಪಾಷಾ ಚಾಚಾ ಹುಡುಗರ ಪಿ.ಜಿ. ನಡೆಸುತ್ತಾರೆ. ಅವರ ಗ್ಯಾಸ್ ಗೀಸರ್ ಇರುವುದು ಹಿಂದಿನ ಯುಟಿಲಿಟಿಯಲ್ಲಿ, ನನ್ನ ಮಲಗುವ ಕೋಣೆಯ ಕಿಟಕಿಯಿಂದ ನೇರ ಆರು ಅಡಿ ಕೆಳಗೆ. ಹೊಗೆ ಹೋಗಲು ಕೊಳವೆ ಇಲ್ಲ. ಗೀಸರ್ ಹಾಕಿ ಒಂದು ತಿಂಗಳಾಯಿತು. ಅಂದಿನಿಂದ ನನಗೆ ಬೆಳಗ್ಗೆ ತಲೆನೋವು. ನನ್ನ ಐದು ತಿಂಗಳ ಮಗಳು ಅಲಿಯಾ ಬೆಳಗಿನ ಹಾಲಿಗೆ ಏಳುವುದಿಲ್ಲ, ಎಬ್ಬಿಸಿ ಕುಡಿಸಿದರೆ ಕಕ್ಕುತ್ತಾಳೆ. ಶಿವಾಜಿನಗರದ ತಾಯಿ ಮನೆಯಲ್ಲಿದ್ದಾಗ ಇಬ್ಬರಿಗೂ ಏನೂ ಇರಲಿಲ್ಲ. ಇದನ್ನು ಹೇಳಿದಾಗ ಚಾಚಾ, ಮಗು ಮಲಗಲ್ಲ ಅಂತ ಅಳೋ ತಾಯಂದಿರನ್ನ ನೋಡಿದ್ದೀನಿ, ಮಲಗುತ್ತೆ ಅಂತ ಅಳೋಳು ನೀನೊಬ್ಬಳೇ ಬೇಟಿ ಎಂದರು. ಮಗು ಉಸಿರಾಡುತ್ತಿದೆಯೇ ಎಂದು ನೋಡುತ್ತಾ ಕೂರುವುದರಿಂದ ನನಗೆ ನಿದ್ದೆ ಇಲ್ಲ.

ನಾನು ಬಿಡದೆ ಕೇಳಿದ್ದಕ್ಕೆ ನಿನ್ನೆ ಬೆಳಗ್ಗೆ ಏಳೂವರೆಗೆ ಅವರೇ ಪೀರಪ್ಪ ಎಂಬ ಮೆಕ್ಯಾನಿಕ್‌ರವರನ್ನು ಕರೆತಂದರು. ಗಾಳಿಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಅಳೆಯುವ ಯಂತ್ರ ಅವರ ಬಳಿ ಇತ್ತು. ಕೆಳಗೆ ಹುಡುಗರ ಸ್ನಾನ ನಡೆದಿತ್ತು, ಗೀಸರ್ ಉರಿಯುತ್ತಿತ್ತು. ಬ್ಯಾಟರಿ ನಿಲ್ಲುವುದಿಲ್ಲವೆಂದು ಪೀರಪ್ಪನವರು ತೊಟ್ಟಿಲ ಪಕ್ಕದ ಪ್ಲಗ್‌ಗೆ ಹಾಕಿ, ಅಲ್ಲೇ ಸೊನ್ನೆಗೆ ಹೊಂದಿಸಿ, ಅಲ್ಲೇ ಅಳೆದರು. ಸೊನ್ನೆ ಬಂತು. ಚಾಚಾ, ಆಯ್ತಲ್ಲಮ್ಮಾ ನಿನ್ನ ಸೈನ್ಸ್ ಎಂದರು.

ಕೆಟ್ಟ ಗಾಳಿಯಲ್ಲಿಟ್ಟು ಸೊನ್ನೆ ಮಾಡಿದರೆ ಯಂತ್ರ ಅದನ್ನೇ ಶುದ್ಧ ಗಾಳಿ ಎಂದುಕೊಳ್ಳುತ್ತದೆ, ಹೊರಗೆ ಮಾಡಿ ತನ್ನಿ ಎಂದು ನಾನು ಹೇಳಿದೆ. ಪೀರಪ್ಪನವರು, ಎಲ್ಲಾ ಮನೇಲೂ ಹೀಗೇ ಮಾಡೋದು ಮೇಡಂ ಎಂದರು. ಹಾಗಾದರೆ ಸ್ಪ್ಯಾನ್ ನೋಡಿ ಎಂದೆ. ಅಂದರೆ ಪ್ರಮಾಣ ಗೊತ್ತಿರುವ ಅನಿಲ ಕೊಟ್ಟು ಯಂತ್ರ ಸರಿಯಾಗಿ ಹೇಳುತ್ತದೆಯೇ ಎಂದು ನೋಡುವುದು. ಅವರ ಚೀಲದಲ್ಲಿದ್ದ ಸಣ್ಣ ಸಿಲಿಂಡರಿನ ಮೇಲೆ 100 ಎಂದಿತ್ತು. ಯಂತ್ರ 39 ತೋರಿಸಿತು. ಸಿಲಿಂಡರ್ ಹಳೇದಿರಬೇಕು ಎಂದರು.

ನಾನು ಮಗುವನ್ನು ಎತ್ತಿಕೊಂಡು, ಹಾಲ್‌ನಿಂದ ಎಕ್ಸ್‌ಟೆನ್ಶನ್ ವೈರ್ ಎಳೆದುಕೊಂಡು ಟೆರೇಸಿಗೆ ಹೋದೆ. ಇಬ್ಬರೂ ಯಂತ್ರ, ಸಿಲಿಂಡರ್ ಹಿಡಿದು ಹಿಂದೆ ಬಂದರು. ಅಲ್ಲಿ ಹೊಸದಾಗಿ ಸೊನ್ನೆ ಮಾಡಿ ಅದೇ ಸಿಲಿಂಡರ್ ಕೊಟ್ಟಾಗ 99 ಬಂತು. ಯಂತ್ರ ಆರಿಹೋಗಬಾರದೆಂದು ವೈರ್ ತೆಗೆಯದೆ ಹಾಗೇ ಪೀರಪ್ಪನವರು ಕೋಣೆಗೆ ತಂದು ತೊಟ್ಟಿಲೊಳಗೆ ಹಿಡಿದಾಗ 61. ಮೊದಲು ನೂರಕ್ಕೆ ಕಡಿಮೆ ಬಿದ್ದಿದ್ದೂ ಇಷ್ಟೇ. ಪೀರಪ್ಪನವರು ತಾವೇ ಕಿಟಕಿ ಮುಚ್ಚಿ, ಮುಂಬಾಗಿಲು ತೆಗೆದು, ಮಗೂನ ಒಳಗೆ ತರಬೇಡಿ ಮೇಡಂ ಎಂದರು. ಚಾಚಾ ಮಾತ್ರ, ಹುಡುಗರು ಆಫೀಸಿಗೆ ಹೊರಡೋ ಹೊತ್ತು, ಸಂಜೆ ಕೂತು ಮಾತಾಡೋಣ ಎಂದರು.

ಗಂಡನನ್ನು ಹೊರಗೆ ಕರೆದು ಮಗುವನ್ನು ಕೊಟ್ಟು ನಾನು ಕೆಳಗಿಳಿದೆ. ಪಿ.ಜಿ. ಬಾಗಿಲು ತೆರೆದಿತ್ತು. ಗೀಸರ್ ಆರಿಸುತ್ತಿದ್ದೇನೆ ಎಂದು ಕೂಗಿ ಹೇಳಿದಾಗ ಬಚ್ಚಲಲ್ಲಿದ್ದವರು, ಅಕ್ಕಾ, ತಲೇಲಿ ಶಾಂಪೂ ಇದೆ, ಎರಡು ನಿಮಿಷ ಎಂದರು. ತಣ್ಣೀರಲ್ಲಿ ತೊಳ್ಕೊಳ್ಳಿ ಎಂದು ಹೇಳಿ, ಗ್ಯಾಸ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದುಕೊಂಡು ಬಂದೆ. ಯಾರನ್ನೂ ತಳ್ಳಿಲ್ಲ, ಬೈದಿಲ್ಲ.

ರೆಗ್ಯುಲೇಟರ್ ನನ್ನ ಹತ್ತಿರವೇ ಇದೆ. ವಾಪಸ್ ಕೊಟ್ಟುಬಿಡಮ್ಮಾ, ಇಲ್ಲೇ ಮುಗಿಸೋಣ ಎಂದು ಠಾಣೆಯಲ್ಲಿ ತಾವು ಹೇಳಿದಿರಿ. ಇವತ್ತು ಕೊಟ್ಟರೆ ನಾಳೆ ಬೆಳಗ್ಗೆ ಗೀಸರ್ ಉರಿಯುತ್ತದೆ. ಹೊಗೆಗೆ ಟೆರೇಸಿನವರೆಗೆ ಕೊಳವೆ ಹಾಕಿಸಲಿ. ಗೀಸರ್ ಉರಿಯುತ್ತಿರುವಾಗಲೇ, ಹೊರಗೆ ಸೊನ್ನೆ ಮಾಡಿ ತಂದ ಯಂತ್ರ ನನ್ನ ಮಗಳ ತೊಟ್ಟಿಲಲ್ಲಿ ಸೊನ್ನೆ ತೋರಿಸಲಿ. ಅವತ್ತೇ ಕೊಡುತ್ತೇನೆ. ಅಲ್ಲಿಯವರೆಗೆ ಇದನ್ನು ಕಳವು ಎಂದು ಬರೆದುಕೊಳ್ಳುವುದಾದರೆ ಬರೆದುಕೊಳ್ಳಿ.

ಈ ಹೇಳಿಕೆಯನ್ನು ನಾನೇ ಓದಿ ನೋಡಿದ್ದೇನೆ. ಇದರಲ್ಲಿರುವುದೆಲ್ಲ ನಡೆದದ್ದೇ. ರೆಗ್ಯುಲೇಟರ್ ತೆಗೆದದ್ದು ‘ದುಡುಕಿನಿಂದ’ ಎಂದು ಬರೆದಿದ್ದನ್ನು ನಾನು ಹೇಳಿ ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 14-11-2024
ಸಹಿ: ನಾಜಿಶ್