ಕುರ್ಚಿ ಹಾಕಿದ ಮನೆ

ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದಾದರೂ ಇರಲಿ. ಅವನಿಗೆ ಪಾತ್ರೆ ಅಂಗಡಿ. ಮೂವತ್ತು ವರ್ಷದಲ್ಲಿ ಅವನು ಹಗಲು ಹೊತ್ತು ಅಂಗಡಿ ಮುಚ್ಚಿದ್ದು ಎರಡೇ ಸಲ. ಒಮ್ಮೆ ತಂದೆ ತೀರಿಕೊಂಡಾಗ, ಇನ್ನೊಮ್ಮೆ ವರ್ತಕರ ಸಂಘದ ಅಧ್ಯಕ್ಷರು ತೀರಿಕೊಂಡಾಗ. ಆಗಲೂ ಏನು ಮಾಡಿದ? ಅರ್ಧ ಶಟರ್ ಎಳೆದು ಒಳಗೆ ಕೂತಿದ್ದ.

ಊಟಕ್ಕೆ ಆರೇ ನಿಮಿಷ. ಹೆಂಡತಿ ಬಡಿಸಿ ತಾನು ಕೂರುವಷ್ಟರಲ್ಲಿ ಅವನು ಕೈ ತೊಳೆದಿರುತ್ತಿದ್ದ. ಇಪ್ಪತ್ತೆಂಟು ವರ್ಷ ಆಕೆ ಖಾಲಿ ತಟ್ಟೆಯ ಎದುರಿಗೆ ಕೂತು ಉಂಡಳು.

ಒಂದು ದಿನ ಅವನಿಗೆ ಎದೆ ಹಿಡಿದುಕೊಂಡಿತು. ಡಾಕ್ಟರು ಹೇಳಿದರು: "ಹತ್ತು ದಿನ ಎಲ್ಲಾದ್ರೂ ದೂರ ಹೋಗಿ ಸುಮ್ಮನೆ ಇದ್ದು ಬನ್ನಿ. ಸುಮ್ಮನಿರೋದು ಕಲೀದಿದ್ರೆ ಈ ಹೃದಯ ನಿಮ್ಮ ಮಾತು ಕೇಳಲ್ಲ."

ಸರಿ, ಗಂಡಹೆಂಡಿರು ಮೆಡಿಟರೇನಿಯನ್ ಸಮುದ್ರದ ದಂಡೆಯ ಒಂದು ಸಣ್ಣ ಮೀನುಗಾರರ ಊರಿಗೆ ಹೋದರು. ಬಿಳಿ ಗೋಡೆ, ನೀಲಿ ಕಿಟಕಿ, ಒಣಹಾಕಿದ ಬಲೆ. ಹೆಂಡತಿಗೆ ಒಂದೇ ಆಸೆ: ಇಲ್ಲಾದರೂ ನನ್ನ ಜೊತೆ ಕೂತು ಉಂಡಾನು, ಬದುಕಿ ಉಳಿದಾನು.

ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಬೀದಿಗೆ ಬಂದು ನೋಡುತ್ತಾರೆ, ಊರಿಗೆ ಊರೇ ಬಾಗಿಲು ಹಾಕಿದೆ. ರೊಟ್ಟಿ ಅಂಗಡಿ, ಕ್ಷೌರದ ಅಂಗಡಿ, ಅಂಚೆ ಕಚೇರಿ, ಎಲ್ಲ ಬಂದ್. ಬೆಕ್ಕು ಕೂಡ ಮಿಸುಕುವುದಿಲ್ಲ.

"ಯಾರೋ ದೊಡ್ಡವರು ಹೋಗಿಬಿಟ್ಟಿದಾರೆ ಕಣೇ," ಅಂದ ಶ್ರೀಮಂತ.

"ರೀ, ಯಾರನ್ನಾದ್ರೂ ಒಂದ್ಮಾತು ಕೇಳಿ."

"ಕೇಳೋಕೆ ಬಾಗಿಲು ತೆಗೆದಿರಬೇಕಲ್ವಾ? ಪೂರ್ತಿ ಶಟರ್ ಎಳೆದಿದಾರೆ ಅಂದ್ರೆ ಸಾಮಾನ್ಯರಲ್ಲ. ಬಂದ ಊರಲ್ಲಿ ಮರ್ಯಾದೆ ಮುಖ್ಯ."

ಗೋಡೆ ಪಕ್ಕದ ಗಿಡದಿಂದ ಬಿಳಿ ಕಣಗಿಲೆ ಕಿತ್ತುಕೊಂಡ. ಹೆಂಡತಿಯ ಚೀಲದಿಂದ ಊದುಬತ್ತಿ ತೆಗೆದುಕೊಂಡ. ಸ್ವಲ್ಪ ಮುಂದೆ ಒಂದು ಮನೆಯ ಮುಂದೆ ನಾಲ್ಕು ಕುರ್ಚಿ ಹಾಕಿತ್ತು. ನೋಡಿ, ನಮ್ಮ ಕಡೆ ಬೀದಿಯಲ್ಲಿ ಕುರ್ಚಿ ಹಾಕಿದ್ದಾರೆಂದರೆ ಏನರ್ಥ? ಸಾವಿನ ಮನೆ ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು. ಜಗುಲಿಯಲ್ಲಿ ಒಬ್ಬ ಮುದುಕ ಎದೆಯ ಮೇಲೆ ಕೈ ಜೋಡಿಸಿ, ಮುಖಕ್ಕೆ ಬಟ್ಟೆ ಹೊದ್ದು, ನೀಟಾಗಿ ಮಲಗಿದ್ದ.

ಶ್ರೀಮಂತ ಊದುಬತ್ತಿ ಹಚ್ಚಿದ. ಪಾದದ ಬಳಿ ಹೂವಿಟ್ಟ. ಕೈಮುಗಿದು ಕಣ್ಣು ಮುಚ್ಚಿದ.

ಹೊಗೆಗೆ ಹೆಣ ಸೀನಿತು.

ಶ್ರೀಮಂತ ಎದೆ ಹಿಡಿದು ಕುರ್ಚಿಗೆ ಕುಸಿದ. ಹೆಂಡತಿ ಓಡಿಬಂದು ಅವನ ಹೆಗಲು ಹಿಡಿದುಕೊಂಡಳು. ಮುದುಕ ಬಟ್ಟೆ ಸರಿಸಿ ಎದ್ದು ಕೂತು, ಹೂವು ನೋಡಿದ, ಇವರನ್ನು ನೋಡಿದ. ಅವರ ಮಾತು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

"ಯಾರಪ್ಪಾ ಸತ್ತಿದ್ದು?"

"ನೀವು ಅಂದ್ಕೊಂಡೆ," ಅಂದ ಶ್ರೀಮಂತ. "ಊರೆಲ್ಲ ಬಾಗಿಲು ಹಾಕಿತ್ತು."

"ಬೆಳಗಾಗೋ ಮೊದಲೇ ದೋಣಿ ಬಿಡೋ ಜನ ನಾವು. ದಿನಾ ಮಧ್ಯಾಹ್ನ ಊರೆಲ್ಲ ಉಂಡು ಮಲಗ್ತೀವಿ. ಸಂಜೆ ಹರಟೆಗೆ ಈ ಕುರ್ಚಿ. ನಿಮ್ಮೂರಲ್ಲಿ ಬಾಗಿಲು ಹಾಕ್ಬೇಕಾದ್ರೆ ಯಾರಾದ್ರೂ ಸಾಯ್ಲೇಬೇಕಾ?"

ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಹೌದಜ್ಜಾ. ಸತ್ರೂ ಅರ್ಧವೇ ಹಾಕೋದು."

ಮುದುಕ ನಕ್ಕ. ಒಳಗಿಂದ ರೊಟ್ಟಿ, ಟೊಮೇಟೊ ತಂದಿಟ್ಟು ಮತ್ತೆ ಮಲಗಿದ. ಗಂಡಹೆಂಡಿರು ಆ ಕುರ್ಚಿಗಳಲ್ಲೇ ಎದುರುಬದುರು ಉಣ್ಣಲು ಕೂತರು. ಅಷ್ಟರಲ್ಲಿ ಶ್ರೀಮಂತನ ಫೋನು ಬಡಿದುಕೊಂಡಿತು. ಅಂಗಡಿಯಿಂದ. ಹೆಂಡತಿ ತಲೆ ಎತ್ತಲಿಲ್ಲ, ಅಭ್ಯಾಸವಾಗಿತ್ತಲ್ಲ. ಅವನು ಫೋನು ನೋಡಿದ, ಮುದುಕನ ಪಾದದ ಬಳಿ ತಾನೇ ಇಟ್ಟ ಹೂವು ನೋಡಿದ. ಫೋನು ಆರಿಸಿ ಜೇಬಿಗಿಟ್ಟ. ಆಕೆ ಕೊನೆಯ ತುತ್ತು ನುಂಗುವವರೆಗೂ ಎದುರಿಗೇ ಕೂತಿದ್ದ. ನಲವತ್ತು ನಿಮಿಷ. ಸಮುದ್ರ ಎಲ್ಲಿಗೂ ಹೋಗಲಿಲ್ಲ, ಪಾತ್ರೆ ಅಂಗಡಿಯೂ ಹೋಗಲಿಲ್ಲ.

ಆ ಶ್ರೀಮಂತ ಯಾರೆಂದು ಪಕ್ಕದವರ ಮುಖ ನೋಡಬೇಡಿ. ಊಟಕ್ಕೆ ಕೂತಾಗ ನಿಮ್ಮ ಶಟರ್ ಪೂರ್ತಿ ಎಳೆದಿರುತ್ತದೆಯೇ? ಕಣ್ಣು ಫೋನಿನಲ್ಲಿ, ಬಾಯಿ ತುತ್ತಿನಲ್ಲಿ. ಅದು ಅರ್ಧ ಶಟರ್ ಅಲ್ಲವೇ? ನಾಳೆಯಿಂದ ಒಂದು ಹೊತ್ತಾದರೂ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಉಣ್ಣಿ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೋ ಅವರ ತಟ್ಟೆ ಖಾಲಿಯಾಗುವವರೆಗೆ ಏಳಬೇಡಿ. ಸಂಜೆ ಬಾಗಿಲ ಮುಂದೆ ಎರಡು ಕುರ್ಚಿ ಹಾಕಿ, ಮನೆಯವರನ್ನು ಕರೆದು ಕೂರಿಸಿಕೊಳ್ಳಿ.

ಕುರ್ಚಿಯನ್ನು ಎಲ್ಲರ ಮನೆ ಮುಂದೆಯೂ ಒಂದು ದಿನ ಹಾಕುತ್ತಾರೆ. ನೀವು ಕೂರುವುದಕ್ಕೆ ಆಗುವಾಗಲೇ ಹಾಕಿಕೊಳ್ಳಿ.