ಟಾರಿನ ಮೇಲೊಂದು ಕೊಳ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯ ಅತಿಥಿಗಳಾದ ರಸ್ತೆ ಇಂಜಿನಿಯರ್ ಸಾಹೇಬರೇ, ಈ ಶಾಲೆಯ ಸೌಮ್ಯ ಮೇಡಂ ಅವರೇ, ಚಾಪೆಯ ಮೇಲೆ ಕಾಲು ಮಡಚಿ ಸಾಕಾಗಿರುವ ಮಕ್ಕಳೇ, ಶಾಮಿಯಾನದ ನೆರಳಿಗೂ ಬಿಸಿಲಿಗೂ ಹಂಚಿಹೋಗಿರುವ ಸಭಿಕರೇ!

ಮೈಕು ಒಸಿ ದೂರವಿಡಿ. ನಲವತ್ತು ವರ್ಷ ರಾಜನ ಪಾರ್ಟು ಮಾಡಿದ ಗಂಟಲಿದು. ಚನ್ನಪಟ್ಟಣದಲ್ಲಿ ನಿಂತು ಕೂಗಿದರೆ ಸಾವನದುರ್ಗದಲ್ಲಿ ಕೋತಿ ಎದ್ದು ಕೂರಬೇಕು!

ಸನ್ಮಾನ ಅಂದಿರಿ. ಶಾಲು ತಟ್ಟೆಯಲ್ಲಿದೆ, ನೋಡಿದೆ. ತಾಳಿ. ಅಂಕಯ್ಯ ಎಂಬ ನಾನು ಯಾರು? ಹಳ್ಳಿ ನಾಟಕಗಳಲ್ಲಿ ಪಾರ್ಟು ಮಾಡುತ್ತಾ, ಅವಕ್ಕೆ ಪರದೆಯನ್ನೂ ಬರೆಯುವವನು. ಅರಮನೆ ಬೇಕೇ? ಬರೆದೆ. ಕಾಡು ಬೇಕೇ? ಬರೆದೆ. ಮೆಟ್ಟಿಲಿಳಿದು ನೀರು ಮುಟ್ಟಬೇಕೆನಿಸುವ ಕೊಳ ಬೇಕೇ? ಗುಡೇಮಾರನಹಳ್ಳಿಯಲ್ಲಿ ನನ್ನ ಕೊಳದ ಪರದೆ ಇಳಿಬಿಟ್ಟಾಗ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಎಲೆಯಡಿಕೆ ಬಾಯಿ ತೊಳೆಯಲು ಚೊಂಬು ಹಿಡಿದು ಎದ್ದಿದ್ದಳು!

ಅಂಥ ಪರದೆಯವನು ರಸ್ತೆಗೆ ಯಾಕೆ ಇಳಿದ? ಕನಕಪುರದ ಕಡೆಯಿಂದ ಬರುವ ಜಲ್ಲಿ ಟಿಪ್ಪರುಗಳು ಈ ಗೇಟಿನ ಮುಂದೆ ಹೇಗೆ ಹೋಗುತ್ತಿದ್ದವೆಂದು ನಿಮಗೆ ಗೊತ್ತು. ಹಂಪ್ ಹಾಕಿ ಎಂದು ಮೂರು ವರ್ಷ ಅರ್ಜಿ ಕೊಟ್ಟೆವು. ಒಂದು ದಿನ ಸೌಮ್ಯ ಮೇಡಂ ಮೊಬೈಲಿನಲ್ಲಿ ತೋರಿಸಿದರು: ಯಾವ ಯಾವುದೋ ದೇಶದ ಊರುಗಳಲ್ಲಿ ಗೋಡೆಗೆ, ಮೆಟ್ಟಿಲಿಗೆ, ನಡುರಸ್ತೆಗೆ ಚಿತ್ರ ಬರೆದಿದ್ದಾರೆ. ಇಲ್ಲದ ಹಳ್ಳ ಕಂಡು ಕಾರು ನಿಧಾನಿಸುತ್ತದೆ. "ಅಂಕಯ್ಯನವರೇ, ನಿಮ್ಮ ಕೈಲಾಗುತ್ತಾ?" ಎಂದರು. ನನ್ನ ಕೈಲೇ? ಒಂದು ಭಾನುವಾರ ಬೆಳಗ್ಗೆ ಬರೆದೇಬಿಟ್ಟೆ. ನಾಲ್ಕೂ ಬದಿಗೆ ಕಲ್ಲಿನ ಮೆಟ್ಟಿಲು, ನಡುವೆ ನೀಲಿ ನೀರು.

ಈಗತಾನೇ ಸ್ವಾಗತ ಭಾಷಣದಲ್ಲಿ ಹೇಳಿದರು: ಪೀರ್ ಸಾಬರ ಮಗಳು ಹಿನಾ ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡಳು, ಅದನ್ನು ನೋಡಲಾರದೆ ಅಂಕಯ್ಯ ಕೊಳ ಬರೆದರು ಎಂದು. ಚಪ್ಪಾಳೆಯೂ ಬಿತ್ತು. ಆದರೆ... ನಾನು ಮೊದಲ ಕೊಳ ಬರೆದದ್ದು ಭಾನುವಾರ. ಹಿನಾಳ ಕಾಲು ಮುರಿದದ್ದು ಮಾರನೆಯ ದಿನ.

ಹಂಪಿನ ವಿಷಯ ಮಾತಾಡಲೆಂದು ಬಂದವನು ನಾನು. ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಡುತ್ತೇನೆ.

ಪರದೆಯವನು ಯಾರಿಗಾಗಿ ಬರೆಯುತ್ತಾನೆ? ನೋಡುವ ಜನಕ್ಕಾಗಿ. ಆ ಭಾನುವಾರ ಜನ ಎಲ್ಲಿದ್ದರು? ಶಾಲೆಯ ಗೇಟಿನಲ್ಲಿ ಸಾಲಾಗಿ ಕೂತಿದ್ದರು. ನಲವತ್ತು ವರ್ಷದ ಅಭ್ಯಾಸ. ಅವರ ಕಡೆಗೇ ಮುಖಮಾಡಿ ಬರೆದೆ. ಗೇಟಿನಿಂದ ನೋಡಿದರೆ ಆಳವಾದ ಕೊಳ, ಟಿಪ್ಪರಿನವನಿಗೆ ಬರೀ ಚೆಲ್ಲಿದ ಬಣ್ಣ! ಸೋಮವಾರ ಗಾಡಿಗಳು ಅದೇ ವೇಗದಲ್ಲಿ ಬಂದವು. ನಿಂತದ್ದು ಮಕ್ಕಳು. ಚೈತ್ರಾ ಎಂಬ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಲಂಗ ಎತ್ತಿಕೊಂಡಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿರುವಾಗಲೇ ಹಿನಾ ರಸ್ತೆಗಿಳಿದಳು, ಎರಡು ಹೆಜ್ಜೆ ಇಟ್ಟಳು, ಮೆಟ್ಟಿಲಿನ ಅಂಚಿನಲ್ಲಿ ನಿಂತುಬಿಟ್ಟಳು. ಬೈಕು ನಿಲ್ಲಲಿಲ್ಲ.

ಎಲ್ಲರೂ ಬೈಕಿನವನನ್ನು ಬೈದಿರಿ. ನಾನೂ ಬೈದೆ, ಎಲ್ಲರಿಗಿಂತ ಜೋರಾಗಿ. ಆಸ್ಪತ್ರೆಯಲ್ಲಿ ಆ ಮಗು ನನ್ನ ಕಿವಿಯಲ್ಲಿ ಹೇಳಿತು: "ತಾತ, ನೀರ್ಗೆ ಕಾಲಿಕ್ಕಕ್ಕೆ ಭಯ ಆಗೋಯ್ತು. ಅಬ್ಬಂಗೆ ಹೇಳ್ಬ್ಯಾಡ, ನಿನ್ನ ಬೈತರೆ."

ಪೀರ್ ಸಾಬ್, ಮೂರನೇ ಸಾಲಿನಲ್ಲಿದ್ದೀರಿ. ಎದ್ದು ಹೋಗಬೇಡಿ. ಬೈಯಬೇಕಾದರೆ ಇಲ್ಲೇ ಬೈಯಿರಿ, ಕೇಳುತ್ತೇನೆ. ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಕೈ ನಿಮ್ಮದು. ಬಣ್ಣದವನ ತಪ್ಪು ಎಂಥದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಮನೆಗೆ ಹೋಗಿ ಹೆಂಡತಿ ಯಲ್ಲಮ್ಮನಿಗೆ ಹೇಳಿದೆ. ಅತ್ತಳೇ? ಸಮಾಧಾನ ಮಾಡಿದಳೇ? "ಅಲ್ಲ ಕಣಯ್ಯ, ವಯಸ್ಸೆಲ್ಲ ಜನದ್ ಕಡೀಕೆ ಮಕ ತಿರುಗಿಸ್ಕಂಡೇ ನಿಂತ್ಕಂಡೆ. ಲಾರಿ ಬರೋ ಕಡೀಕೆ ಒಸಿ ತಿರುಗ್ಬಾರ್ದಾ? ಎದ್ದೋಗು, ಅಳಿಸ್ಬುಟ್ಟು ಬರಿ!" ಎಂದು ಬ್ರಷ್ ಕೈಗಿಟ್ಟಳು. ಅಳಿಸಿದೆ. ಲಾರಿ ಬರುವ ಎರಡೂ ಕಡೆಗೆ ಒಂದೊಂದು ಕೊಳ ಬರೆದೆ, ನಡುವೆ ಮಕ್ಕಳಿಗೆ ದಾರಿ ಬಿಟ್ಟೆ. ಏಳು ತಿಂಗಳಾಯಿತು. ಒಂದು ಮಗುವೂ ಬಿದ್ದಿಲ್ಲ.

ಇಂಜಿನಿಯರ್ ಸಾಹೇಬರೇ, ಬರುವ ಸೋಮವಾರ ಅದರ ಮೇಲೆ ಟಾರು ಬಳಿಯುವುದಾಗಿ ನಿಮ್ಮ ಕಚೇರಿಯ ನೋಟಿಸು ಬಂದಿದೆ. ಕಾರಣ, ಚಿತ್ರವು ಚಾಲಕರ ಗಮನ ಸೆಳೆಯುತ್ತದೆ. ಸ್ವಾಮಿ, ಮತ್ತೇನು, ಅವರಿಗೆ ನಿದ್ದೆ ಬರಿಸಲು ಬರೆದೆನೇ?

ಬಳಿಯಿರಿ. ಮಂಗಳವಾರ ಬರೆಯುತ್ತೇನೆ. ಮತ್ತೆ ಬಳಿಯಿರಿ. ಮತ್ತೆ ಬರೆಯುತ್ತೇನೆ. ಕೇಸು ಹಾಕಿ ಒಳಗೆ ಕೂರಿಸಿದರೆ, ಹೊರಗೆ ಬಂದ ದಿನ ಬರೆಯುತ್ತೇನೆ. ಹಂಪ್ ಹಾಕಿದ ದಿನ ಮಾತ್ರ ಬ್ರಷ್ ತೊಳೆದಿಡುತ್ತೇನೆ. ಅವತ್ತು ಮೊದಲ ಬಾಂಡಲಿ ಜಲ್ಲಿ ಹೊರುವವನೂ ನಾನೇ. ಅಲ್ಲಿಯವರೆಗೆ ಆ ಶಾಲು ತಟ್ಟೆಯಲ್ಲೇ ಇರಲಿ.

ಕೊನೆಯ ಮಾತು, ಇಂಜಿನಿಯರ್ ಸಾಹೇಬರೇ. ಇವತ್ತು ಬೆಳಗ್ಗೆ ನಿಮ್ಮನ್ನು ಎದುರುಗೊಳ್ಳಲು ನಾನೂ ಹಿನಾಳೂ ರಸ್ತೆಯ ಆಚೆ ಬದಿ ನಿಂತಿದ್ದೆವು. ನಿಮ್ಮ ಜೀಪು ಜೋರಾಗಿಯೇ ಬಂತು. ಕೊಳ ಕಂಡದ್ದೇ ನಿಮ್ಮ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಹಿನಾ ನನ್ನ ಕೈ ಬಿಡಿಸಿಕೊಂಡು, ಒಸಿ ಕುಂಟುತ್ತಾ, ನಿಮ್ಮ ಜೀಪಿನ ಮುಂದೆಯೇ ರಸ್ತೆ ದಾಟಿ ಗೇಟಿನೊಳಗೆ ಹೋದಳು. ಕೊಳದ ಕಡೆ ತಿರುಗಿಯೂ ನೋಡಲಿಲ್ಲ.

ನೀವು ನೋಡಿದಿರಿ, ಸಾಹೇಬರೇ. ನಾನೂ ನೋಡಿದೆ. ನನ್ನ ಸನ್ಮಾನ ಅಲ್ಲೇ ಆಗಿಹೋಯಿತು.

ಇಷ್ಟು ಹೊತ್ತು ಈ ದೊಡ್ಡ ಗಂಟಲನ್ನು ಸಹಿಸಿದ ನಿಮಗೆಲ್ಲ ವಂದನೆಗಳು. ಪೀರ್ ಸಾಬ್, ಇನ್ನೂ ಕೂತೇ ಇದ್ದೀರಿ. ನಿಮಗೆ ಬೇರೆಯಾಗಿ, ಕೈಮುಗಿದು, ನಮಸ್ಕಾರ.