ಖಾನಾಪುರಕ್ಕ ಹೋಗೂ ಕೇಕು

…ಬ್ಯಾಡ್ರಿ ಅತ್ತೀ, ಆ ಬಾಗಲಾ ತಗೀಬ್ಯಾಡ್ರಿ! ಒವನ್ ಬಾಗಲಾ ಒಮ್ಮೆ ತಗದ್ರ ಮುಗೀತು, ಹಿಟ್ಟು ಧಪ್ಪಂತ ಕೂತ ಬಿಡತೈತಿ. ಗಾಜಿನ್ಯಾಗಿಂದ ನೋಡ್ರಿ. ಕುರ್ಚಿ ಐತಿ, ಕುಂದರ್ರಿ.

ಯಾಕ ನಗ್ತೀರಿ? ಲೋಟಾ ನೋಡಿ ಏನು? ಹೂಂ, ನೀವು ಚಹಾ ಕುಡಿಯೂ ಸ್ಟೀಲ್ ಲೋಟಾನ ಅದು! ನಟ್ಟನಡುಕ ಇಟ್ಟೇನಿ. ಅಲ್ರಿ, ಇಷ್ಟ ದೊಡ್ಡ ಕೇಕು… ಬಾಜೂಕಿಂದು ಬೆಂದು ಕರಕಲಾಗತೈತಿ, ನಡುಕ ನೋಡಿದ್ರ ಹಸೀ ಹಿಟ್ಟು. ಲೋಟಾ ಇಟ್ರ ಕಾವು ಅದರಗುಂಟ ಒಳಗ ಇಳೀತೈತಿ. ಲೋಟಾದಾಗೂ ಒಂದೀಟು ಹಿಟ್ಟು ಹಾಕೇನಿ. ಆಮ್ಯಾಲ ಲೋಟಾ ತಗದು, ಅದರಾಗ ಬೆಂದಿದ್ದನ್ನ ಆ ತೂತಿನ್ಯಾಗ ಕೂಡ್ಸೂದು. ಮ್ಯಾಲ ಕ್ರೀಮ್ ಬಳದ್ರ ಆತು, ಯಾರಿಗೂ ತಿಳಿಯಂಗಿಲ್ಲ.

ಟಿನ್ನಿಗೆ ಸುತ್ತಿದ್ದು? ಹಳೇ ಧೋತರದ ಚಿಂದಿ. ತೊಯ್ಸಿ ಸುತ್ತೇನಿ. ಹೊರಗ ತಂಪಿದ್ರ ಬಾಜೂಕಿನ ಹಿಟ್ಟು ಗಡಬಡಿ ಮಾಡಂಗಿಲ್ಲ, ನಡುಕಿಂದು ಬೇಯೂತನಕ ತಡೀತೈತಿ. ಹೌದು… ನಿಮ್ಮ ಮಗಂದ ಧೋತರಾ. ಬಸ್ತಿಗೆ ಪೂಜಿಗೆ ಉಟ್ಕೊಂಡ ಹೋಗ್ತಿದ್ರಲ್ಲ, ಅದ. ಹರದಿತ್ರಿ. ಖರೇನ ಹರದಿತ್ತು. ಜಾಂಬೋಟಿಂದ ಬಂದಮ್ಯಾಲ ಹೊಸಾದು ತರೂಣು.

ಯಾವಾಗ ಬರ್ತಾರಂದ್ರ… ರೋಡಿನ ಕೆಲಸಾ ಅಲ್ರಿ. ಮಳಿ ನಿಲ್ಲವಲ್ದು. ಫೋನರ ಹತ್ತತೈತೇನ್ರಿ ಆ ಕಾಡಿನ್ಯಾಗ? ಹೋದ ವಾರ ಮಾತಾಡಿದ್ರು, ಹೇಳೇನಲ್ಲ. ಅವ್ವನ ಗುಳಿಗಿ ತಪ್ಪಸಬ್ಯಾಡ ಅಂದ್ರು. ನೀವು ಮಲಗಿದ್ರಿ, ಎಬ್ಬಿಸ್ಲಿಲ್ಲ.

ಉರಿ ಸಣ್ಣಂದ ಇಡಬೇಕ್ರಿ. ಹೊತ್ತು ಹಿಡೀತೈತಿ, ಹಿಡೀಲಿ. ಒಂದ ವರ್ಷದ ಕೂಸಿನ ಹುಟ್ಟುಹಬ್ಬ, ಬಾಯಾಗ ಹಸೀ ಹಿಟ್ಟು ಸಿಗಬಾರದು. ಸಮೃದ್ಧಿ ಅಂತ ಹೆಸರು. ಖಾನಾಪುರದವರು. ಕೂಸಿನ ಅಜ್ಜಿ ಬಸವಣ್ಣೆವ್ವ ಅಂತ, ಆಕೀನ ಫೋನ್ ಮಾಡಿದ್ಲು. ಇಲ್ರಿ, ನಮ್ಮ ಮಂದಿ ಅಲ್ಲ, ಲಿಂಗಾಯತರು. ತತ್ತಿ ಹಾಕದ ಕೇಕು ಬೇಕಾಗೇತಿ, ಯಾರೋ ನನ್ನ ನಂಬರ್ ಕೊಟ್ಟಾರ. ಖರೇ ಗಡಬಡಿ ನೋಡ್ರಿ ಆಕಿದು! ಹೊತ್ತು ಮುಳುಗೂದರೊಳಗ ಕೇಕು ಕತ್ತರಿಸಬೇಕಂತ. ಮಂದಿಯೆಲ್ಲಾ ದೀಪಾ ಹಚ್ಚಿದಮ್ಯಾಲ ಮಾಡ್ತಾರ, ಇವರಿಗೇನು? ನಾನೂ ಕೇಳಿದೆ, ನಿಮಗ ರಾತ್ರಿ ಉಣ್ಣಾಕ ಏನ ಅಡ್ಡಿ ಐತ್ರಿ ಅಂತ. "ನಮಗೇನಿಲ್ಲವಾ, ಕೂಸಿನ ಅಪ್ಪ ಹೊತ್ತು ಮುಳುಗಿದಮ್ಯಾಲ ಬಾಯಾಗ ಏನೂ ಹಾಕಂಗಿಲ್ಲ" ಅಂದ್ಲು…

ಯಾಕ್ರಿ? ಯಾಕ ಹಂಗ ನೋಡ್ತೀರಿ? ಖಾನಾಪುರದಾಗ ನಮ್ಮ ಜೈನರು ಭಾಳ ಮಂದಿ ಅದಾರ. ಯಾವನರ ಲಿಂಗಾಯತರ ಹುಡುಗೀನ್ನ ಮಾಡ್ಕೊಂಡಿರ್ತಾನ. ಇರಂಗಿಲ್ಲೇನು? ಮಾತಾಡ್ರಿ. ಬೈರಿ ಬೇಕಾದ್ರ. ಏನರ ಅನ್ರಿ ಅತ್ತೀ…

ಹೂಂ. ವಿಪುಲ.

ಗಂಡನ ಹೆಸರು ಹಿಡದು ಅಂದೆ ನೋಡ್ರಿ, ಏನೂ ಆಗಲಿಲ್ಲ. ಮನಿ ಬಿಟ್ರು, ನೀವು ಕಲಿಸಿದ ನೇಮಾ ಬಿಡಲಿಲ್ಲ. ಜಾಂಬೋಟಿ, ರೋಡು, ಫೋನು… ಎಲ್ಲಾ ನಾ ಕಟ್ಟಿದ್ದು. ಖಾನಾಪುರದಾಗ ಸಂಸಾರ ಹೂಡ್ಯಾರ, ಕೂಸು ಆಗೇತಿ ಅಂತ ನನಗ ಮೊದಲ ಗೊತ್ತಿತ್ತು. ಆ ಅಜ್ಜಿಗೆ ನಾ ಯಾರಂತ ಗೊತ್ತಿಲ್ಲ. ಆಗಂಗಿಲ್ಲ ಅಂತ ಫೋನ್ ಇಡಬೇಕಾಗಿತ್ತು. "ಎಷ್ಟ ಕೆಜಿ ಬೇಕ್ರಿ" ಅಂದ ಬಿಟ್ಟೆ.

ನಿಮ್ಮ ಬಿಪಿ ಸಂಬಂಧ ಮುಚ್ಚಿಟ್ಟೆ ಅಂತ ನಾನೂ ತಿಳ್ಕೊಂಡಿದ್ದೆ. ಅಲ್ರಿ. ಮೊಮ್ಮಗಳು ಅದಾಳಂತ ಗೊತ್ತಾದ್ರ ನೀವೂ ಹೋಗ್ತೀರಿ ಅಂತ ಅಂಜಿಕಿ. ನನಗ ಮಕ್ಕಳಿಲ್ಲ. ಅವರೂ ಇಲ್ಲ. ನೀವೂ ಹೋದ್ರ ಈ ಮನ್ಯಾಗ ನಾ ಯಾರ ಕೂಡ ಮಾತಾಡ್ಲಿ? ಅಳು ಬರವಲ್ದು. ಬರ್ಲಿ ಅಂತ ಭಾಳ ಕಾದೆ… ಏನೂ ಬರವಲ್ದು.

ಎಲ್ಲಿ ಹೊಂಟ್ರಿ?… ಅತ್ತೀ, ಆ ಟ್ರಂಕ್ ಯಾಕ ತಗೀತೀರಿ? ಒಜ್ಜಿ ಐತಿ, ಸರೀರಿ, ನಾ ತಗದ ಕೊಡ್ತೇನಿ. ಯಾವದು, ಹಸರ ಸೀರಿ? ಅದರ ಕೆಳಗಿಂದಾ?…

ಬೆಳ್ಳಿ ಕಡಗಾ.

ಮದಿವಿ ಆದ ವರ್ಷ ತೋರಿಸಿದ್ರಿ. ನಿನ್ನ ಕೂಸಿಗೆ ಅಂತ ಮಾಡಿಸಿಟ್ಟೇನಿ ಅಂದಿದ್ರಿ.

…ಹೂಂ. ಹೋಗ್ರಿ. ಕೇಕು ಒಯ್ಯಾಕ ಬಾಜೂ ಮನಿ ಗಜಾನನ ಗಾಡಿ ತರ್ತಾನ, ಅವನ ಕೂಡ ಹೋಗ್ರಿ. ಬೇಯಲಿ, ಆರಲಿ, ಅಲ್ಲೀತನಕ ತಲಿ ಬಾಚ್ಕೋರಿ. ಯಾವಾಗ ತಿರಗಿ… ಇರ್ಲಿ ಬಿಡ್ರಿ, ಕೇಳಂಗಿಲ್ಲ. ಗಾಡ್ಯಾಗ ಡಬ್ಬಿ ತೊಡಿ ಮ್ಯಾಲ ಇಟ್ಕೋಬ್ಯಾಡ್ರಿ, ಮೈ ಕಾವಿಗೆ ಕ್ರೀಮ್ ಕರಗತೈತಿ. ಬಾಜೂಕ ಸೀಟಿನ ಮ್ಯಾಲ ಸಪಾಟ ಇಟ್ಟು ಹಿಡ್ಕೋರಿ. ಕಡಗಾ ಚೀಲದಾಗ ಹಾಕ್ರಿ ಅತ್ತೀ. ಡಬ್ಬಿ ಹಿಡ್ಯಾಕ ಎರಡೂ ಕೈ ಬೇಕಾಗ್ತಾವ.